ಅಜ್ಜಿಯಿಲ್ಲದ ಮನೆಗೆ ಹನ್ನೆರಡು ಸಂಪುಟ

ಠಾಣೆ, ಡೊಂಬಿವಲಿಗಳ ಕನ್ನಡಿಗರ ಮನೆಗಳಲ್ಲಿ ಇಂದು ಒಂದು ವಿಚಿತ್ರ ಪರಿಸ್ಥಿತಿ ಕಾಣುತ್ತಿದೆ. ಮಗು ತಾಯಿಯೊಡನೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಮಾತನಾಡುತ್ತದೆ. ಊರಿನಿಂದ ಬಂದ ಲಗ್ನಪತ್ರಿಕೆಯನ್ನು ಮಾತ್ರ ಓದಲಾರದು. ಶಾಲೆ ಇಂಗ್ಲಿಷಿನದು, ಬೀದಿ ಮರಾಠಿಯದು. ಇದಕ್ಕಾಗಿ ತಂದೆತಾಯಿಯರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೊಟ್ಟೆಯ ಪಾಡು ಯಾರನ್ನೂ ಬಿಟ್ಟಿಲ್ಲ. ಆದರೆ ಅಕ್ಷರದೊಡನೆ ಅಜ್ಜಿಯ ಕಥೆಯೂ ಊರಿನಲ್ಲಿಯೇ ಉಳಿದುಹೋಯಿತಲ್ಲ, ಆ ನಷ್ಟ ಸಣ್ಣದಲ್ಲ.

ಈ ಸಂದರ್ಭದಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರನ್ನು ನೆನೆಯಬೇಕಾಗಿದೆ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಇವರು ದಕ್ಷಿಣ ಕನ್ನಡದ ಕಾದಂಬರಿಕಾರ ನಿರಂಜನರ ಕೈಹಿಡಿದವರು. ತಿಳಿಗನ್ನಡದಲ್ಲಿ 'ತಾಯಿ-ಮಗು' ಬರೆದು, ನಾಲ್ಕಕ್ಷರ ಬಲ್ಲ ಗೃಹಿಣಿಗೂ ಪುಸ್ತಕ ಉಪಯೋಗಕ್ಕೆ ಬರುವುದೆಂದು ತೋರಿಸಿದರು. ಮಕ್ಕಳಿಗಾಗಿ ಅವರು ಕೈಗೊಂಡ ಕೆಲಸ ಇನ್ನೂ ದೊಡ್ಡದು. ಜನಪದರ ಕಥೆ, ಪುರಾಣದ ಕಥೆ, ಪರದೇಶಗಳ ಕಥೆ ಎಲ್ಲವನ್ನೂ ಆಯ್ದು, ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ 'ದಿನಕ್ಕೊಂದು ಕಥೆ'ಯನ್ನು ಕೊಟ್ಟರು. ವರ್ಷದ ಯಾವ ದಿನ ತೆರೆದರೂ ಆ ದಿನದ ಪಾಲಿನ ಕಥೆಯೊಂದು ಕಾದಿರುತ್ತದೆ. ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವನೂ ತಡವರಿಸದೆ ಓದಬಹುದಾದ ಕಥೆಗಳವು.

ಹೋಟೆಲಿನ ಗಲ್ಲಾ ಮುಚ್ಚಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುವ ತಂದೆಗೆ ಮಲಗಿದ ಮಗುವಿನ ದರ್ಶನ ಮಾತ್ರ. ಗುಮಾಸ್ತನಿಗಾದರೋ ಕಲ್ಯಾಣದ ಲೋಕಲಿನ ನೂಕುನುಗ್ಗಲಿನಲ್ಲಿಯೇ ಅರ್ಧ ಪ್ರಾಣ ಹೋಗಿರುತ್ತದೆ. ಹೀಗಿರುವಾಗ ಓದಿ ಹೇಳುವವರು ಯಾರೆಂದು ಕೇಳಬಹುದು. ರಜೆಯ ದಿನವೊಂದು ಇದೆಯಷ್ಟೆ! ಅಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಒಂದು ಕಥೆ ಓದಲಿ. ಕಥೆ ಅರ್ಧವಾದಾಗ ಪುಸ್ತಕವನ್ನು ಮಗುವಿನ ಕೈಗೇ ಕೊಡಲಿ. ಮುಂದೇನಾಯಿತೆಂಬ ಕುತೂಹಲದಿಂದ ಅದು ತಾನಾಗಿ ಅಕ್ಷರ ಕೂಡಿಸಲು ತೊಡಗುವುದು. ಬೆದರಿಸಿ ವರ್ಣಮಾಲೆಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ಸಂಘಗಳಿಗೂ ಒಂದು ಬಿನ್ನಹ. ವಾರ್ಷಿಕೋತ್ಸವಗಳಲ್ಲಿ ಹೊದಿಸಲಾಗುವ ಶಾಲುಗಳ ಲೆಕ್ಕ ನಮಗೆ ತಿಳಿಯದು (ಹೊದ್ದುಕೊಂಡವರಿಗೂ ತಿಳಿದಿರಲಾರದು). ಅವುಗಳಲ್ಲಿ ನಾಲ್ಕಾರನ್ನು ಕಡಿಮೆ ಮಾಡಿ, ಠಾಣೆಯಿಂದ ನವಿ ಮುಂಬಯಿಯವರೆಗಿನ ಪ್ರತಿಯೊಂದು ಸಂಘವೂ ಈ 12 ಸಂಪುಟಗಳನ್ನು ಕೊಂಡು, ತಿಂಗಳಿಗೊಂದರಂತೆ ಮಕ್ಕಳಿರುವ ಮನೆಗಳಿಗೆ ಸರದಿಯಲ್ಲಿ ಕಳುಹಿಸಲಿ. ಪುಟ ಹರಿದರೆ ಹರಿಯಲಿ. ಬೀರುವಿಗೆ ಬೀಗ ಮಾತ್ರ ಬೇಡ.