ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುವುದೇ?

‘ಕ್ಯಾನ್ಸರಿಗೆ ಕತ್ತರಿ ತಾಗಿಸಬಾರದು, ತಾಗಿದರೆ ಮೈತುಂಬ ಹರಡುತ್ತದೆ’ ಎಂಬ ಮಾತು ನಮ್ಮ ಹಿರಿಯರಲ್ಲಿ ಇಂದಿಗೂ ಬೇರೂರಿದೆ. ಪ್ರಾಸ್ಟೇಟ್ ಗ್ರಂಥಿಯ ವಿಷಯದಲ್ಲಂತೂ ಈ ಭಯಕ್ಕೆ ಸಂಕೋಚವೂ ಜೊತೆಗೂಡುತ್ತದೆ. ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುವ ತಂದೆ ಮಕ್ಕಳೆದುರು ಬಾಯಿ ಬಿಡುವುದಿಲ್ಲ. ವೈದ್ಯರು ಬಯಾಪ್ಸಿ ಎಂದೊಡನೆ ಮನೆಯವರೇ ಬೇಡವೆನ್ನುತ್ತಾರೆ. ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಅದು ಹುಟ್ಟಲು ಕಾರಣಗಳಿವೆ.

ವಯಸ್ಸಾದಂತೆ ದೊಡ್ಡದಾಗುವ ಗ್ರಂಥಿಗೆ ಮೂತ್ರನಾಳದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರದ ದಾರಿಗೆ ಅಡ್ಡವಾದ ಒಳಭಾಗವನ್ನಷ್ಟೇ ತೆಗೆಯುತ್ತಾರೆ. ಹೊರಭಾಗ ಹಾಗೆಯೇ ಉಳಿಯುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ವರ್ಷಗಳ ಬಳಿಕ ಅಲ್ಲಿ ರೋಗ ಕಾಣಿಸಿಕೊಂಡರೆ ಹಿಂದಿನ ಆಪರೇಷನ್ನೇ ಕಾರಣವೆಂದು ಜನ ತಿಳಿಯುತ್ತಾರೆ. ಇನ್ನು ಕೆಲವರಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗವು ಪರೀಕ್ಷೆಗೆ ಸಿಗದಷ್ಟು ಸೂಕ್ಷ್ಮವಾಗಿ ಮೂಳೆ ಸೇರಿರುತ್ತದೆ. ಅದು ಹೊರಬಿದ್ದಾಗಲೂ ಅಪವಾದ ಕತ್ತರಿಗೇ.

ಶಸ್ತ್ರಚಿಕಿತ್ಸೆಯ ವೇಳೆ ಕೆಲವು ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಸೇರಬಹುದೆಂಬುದು ನಿಜ. ಆದರೆ ಹಾಗೆ ಸೇರಿದ ಕೋಶಗಳೆಲ್ಲ ಬೇರೆಡೆ ಬೇರೂರುವುದಿಲ್ಲ. ಬಯಾಪ್ಸಿಯ ಸೂಜಿ ಹಾದ ಜಾಡಿನಲ್ಲಿ ರೋಗ ಬೆಳೆಯುವುದೂ ಅತಿ ವಿರಳ. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ರೋಗ ಹೆಚ್ಚು ಹರಡಿತೇ?

ಸ್ವೀಡನ್, ಫಿನ್ಲೆಂಡ್, ಐಸ್‌ಲ್ಯಾಂಡ್ ದೇಶಗಳಲ್ಲಿ ೧೯೮೯ರಿಂದ ೧೯೯೯ರವರೆಗೆ, ರೋಗವು ಗ್ರಂಥಿಯಲ್ಲಷ್ಟೇ ಇದ್ದ ೬೯೫ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಡೀ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ ನೀಡಿದರು. ಇನ್ನೊಂದನ್ನು ಕಾದು ನೋಡಿದರು. ೨೦೧೭ರ ಕೊನೆಗೆ ಈ ರೋಗದಿಂದಲೇ ತೀರಿಕೊಂಡವರು ಮೊದಲ ಗುಂಪಿನಲ್ಲಿ ೭೧, ಎರಡನೆಯದರಲ್ಲಿ ೧೧೦. ಬ್ರಿಟನ್ನಿನಲ್ಲಿ ೧,೬೪೩ ಜನರ ಮೇಲೆ ನಡೆದ ಅಧ್ಯಯನದಲ್ಲಿ ೧೫ ವರ್ಷಗಳ ತರುವಾಯ ರೋಗ ಹರಡಿದ್ದು, ನಿಗಾದಲ್ಲಿಟ್ಟವರ ಪೈಕಿ ಶೇ. ೯.೪ರಷ್ಟು ಮಂದಿಗೆ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. ೪.೭ರಷ್ಟು ಮಂದಿಗೆ. ಕತ್ತರಿಯೇ ರೋಗವನ್ನು ಹರಡುವುದಾದರೆ ಈ ಲೆಕ್ಕ ತಿರುವುಮುರುವಾಗಿರಬೇಕಿತ್ತು.

ಹಾಗೆಂದು ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂಬುದು ನಮ್ಮ ವಾದವಲ್ಲ. ಅದೇ ಬ್ರಿಟನ್ ಅಧ್ಯಯನದಲ್ಲಿ ಯಾವ ಗುಂಪಿನಲ್ಲಿಯೂ ನೂರಕ್ಕೆ ಸುಮಾರು ೯೭ ಮಂದಿ ಈ ರೋಗದಿಂದ ಸಾಯಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹಿಡಿತ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು ಹಲವರಿಗೆ ಎದುರಾಗುವ ತೊಂದರೆಗಳು. ಆದ್ದರಿಂದ ನಿಧಾನವಾಗಿ ಬೆಳೆಯುವ ರೋಗವಿದ್ದವರು ವೈದ್ಯರ ನಿಗಾದಲ್ಲಿದ್ದುಕೊಂಡು, ಕಾಲಕಾಲಕ್ಕೆ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುತ್ತ ಕಾಯುವುದೂ ಒಪ್ಪತಕ್ಕ ದಾರಿಯೇ. ಬೇಡವೆನ್ನುವುದಿದ್ದರೆ ಈ ವಿಚಾರಗಳನ್ನು ತೂಗಿ ನೋಡಿ ಬೇಡವೆನ್ನಬೇಕು. ‘ಹರಡುತ್ತದೆ’ ಎಂಬ ಭಯದಿಂದಲ್ಲ. ವೈದ್ಯರ ನಿಗಾದಲ್ಲಿ ಕಾಯುವುದು ಬೇರೆ, ಹೆದರಿ ಮನೆಯಲ್ಲಿ ಕೂರುವುದು ಬೇರೆ.

ಶರಣರು ದೇಹವನ್ನು ಹೀನವೆಂದು ತಿರಸ್ಕರಿಸಲಿಲ್ಲ. ಅದನ್ನು ಸಾಧನೆಯ ನೆಲೆಯೆಂದು ಗೌರವಿಸಿದರು. ಅಂಥ ದೇಹದ ನೋವನ್ನು ಬಚ್ಚಿಡುವುದರಲ್ಲಿ ಮರ್ಯಾದೆಯೇನೂ ಇಲ್ಲ. ಮಠಕ್ಕೆ ಬರುವ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮೂತ್ರದ ತೊಂದರೆಯನ್ನು ಮುಚ್ಚಿಡಬೇಡಿ. ‘ನನ್ನ ರೋಗ ಯಾವ ಹಂತದಲ್ಲಿದೆ? ಕಾದರೆ ಏನಾಗುತ್ತದೆ?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಮಕ್ಕಳೂ ಅಷ್ಟೇ, ತಂದೆ ಹೇಳಲೆಂದು ಕಾಯದೆ ತಾವೇ ವಿಚಾರಿಸಲಿ.