ಗಂಟಲಿಗೇರುವ ಹೊಟ್ಟೆಯ ಹುಳಿ

ಕೆಲವು ವರ್ಷಗಳ ಹಿಂದೆ ಬೆಳಗಿನ ಮೊದಲ ಪೀರಿಯಡ್ಡಿಗೆ ನನ್ನ ದನಿಯೇ ಏಳುತ್ತಿರಲಿಲ್ಲ. ಗೊಗ್ಗರು ದನಿ, ಮಾತಿಗೊಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಗೀಳು. ಸೀಮೆಸುಣ್ಣದ ಧೂಳೇ ಕಾರಣವೆಂದುಕೊಂಡು ಶುಂಠಿ, ಜೇಷ್ಠಮಧು ಎಲ್ಲ ಅಗಿದದ್ದಾಯಿತು. ಕೊನೆಗೆ ಕಿವಿ-ಮೂಗು-ಗಂಟಲಿನ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ರಾತ್ರಿ ಊಟ ಎಷ್ಟು ಹೊತ್ತಿಗೆ, ಮಲಗುವುದು ಎಷ್ಟು ಹೊತ್ತಿಗೆ?" ಎರಡರ ನಡುವೆ ಹತ್ತು ನಿಮಿಷವೂ ಇರುತ್ತಿರಲಿಲ್ಲ!

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ಖಾಲಿ ಹೊಟ್ಟೆಯಲ್ಲಿ ಅದರ ಪಿಎಚ್ ಸುಮಾರು 1ರಿಂದ 2. ಅನ್ನನಾಳ ಜಠರವನ್ನು ಸೇರುವಲ್ಲಿ ಉಂಗುರದಂಥ ಸ್ನಾಯುವಿದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲವಾದರೆ ಆಮ್ಲ ಮೇಲೇರುತ್ತದೆ. ಎದೆಯುರಿ, ಹುಳಿತೇಗು ಎಲ್ಲರಿಗೂ ಗೊತ್ತು. ಆದರೆ ಅನ್ನನಾಳವನ್ನೂ ದಾಟಿದರೆ?

ಅನ್ನನಾಳಕ್ಕೆ ತಕ್ಕಮಟ್ಟಿನ ರಕ್ಷಣೆಯುಂಟು. ಅಲೆಯಂಥ ಚಲನೆ ಆಮ್ಲವನ್ನು ಕೆಳಕ್ಕೆ ತಳ್ಳುತ್ತದೆ, ನುಂಗಿದ ಉಗುಳಿನ ಬೈಕಾರ್ಬೊನೇಟ್ ಉಳಿದದ್ದನ್ನು ತಟಸ್ಥಗೊಳಿಸುತ್ತದೆ. ಧ್ವನಿಪೆಟ್ಟಿಗೆಗೆ ಅಷ್ಟು ರಕ್ಷಣೆಯಿಲ್ಲ. ಅಲ್ಲಿಗೆ ತಲುಪುವ ಅಲ್ಪಸ್ವಲ್ಪ ಆಮ್ಲ, ಅದರೊಡನೆ ಬರುವ ಪೆಪ್ಸಿನ್, ಇಷ್ಟೇ ಸಾಕು. ಆದ್ದರಿಂದಲೇ ಎದೆಯುರಿಯ ಸುಳಿವೇ ಇಲ್ಲದೆ ದನಿ ಒಡೆಯುವುದುಂಟು.

ಕೆಮ್ಮಿನ ಕತೆ ಇನ್ನೂ ಸ್ವಾರಸ್ಯ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ವೇಗಸ್ ಎಂಬ ಒಂದೇ ನರದ ಕವಲುಗಳಿವೆ. ಆಮ್ಲ ಕೆಳಗೇ ಉಳಿದರೂ ನರ ಕೆರಳಿ ಕೆಮ್ಮು ಬರಬಹುದು. ಅಸ್ತಮಾ ಇದ್ದವರಿಗೆ ಉಸಿರು ಬಿಗಿಯಬಹುದು. ಹಲ್ಲಿನ ಎನಾಮಲ್ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಕರಗತೊಡಗುತ್ತದೆ. ಮೇಲಿನ ಹಲ್ಲುಗಳ ಒಳಮೈ ಸವೆದದ್ದನ್ನು ನೋಡಿ ದಂತವೈದ್ಯರೇ ಮೊದಲು ಈ ಕಾಯಿಲೆಯನ್ನು ಗುರುತಿಸುವುದುಂಟು. ಬಾಯಿಗೆ ಹುಳಿ ಬಂದೊಡನೆ ಬ್ರಷ್ ಮಾಡಬೇಡಿ, ನೀರಿನಿಂದ ಮುಕ್ಕಳಿಸಿ. 2006ರ ಮಾಂಟ್ರಿಯಲ್ ವ್ಯಾಖ್ಯೆಯಲ್ಲಿ ವೈದ್ಯರು ಕೆಮ್ಮು, ಧ್ವನಿಪೆಟ್ಟಿಗೆಯ ಉರಿಯೂತ, ಅಸ್ತಮಾ, ಹಲ್ಲಿನ ಸವೆತ ಈ ನಾಲ್ಕಕ್ಕೂ ಜಠರಾಮ್ಲದ ನಂಟನ್ನು ಒಪ್ಪಿದ್ದಾರೆ.

ಹಾಗೆಂದು ಪಾಲಕರು ಮಕ್ಕಳ ಕೆಮ್ಮಿಗೆಲ್ಲ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಅಂಗಡಿಯಿಂದ ಮಾತ್ರೆ ತರುವುದು ನನಗೆ ಒಪ್ಪಿಗೆಯಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮೊದಲು ಆಗಬೇಕು. ವಾರಗಟ್ಟಲೆ ಸರಿಹೋಗದ ದನಿ, ನುಂಗಲು ಕಷ್ಟ, ಇವನ್ನೂ ವೈದ್ಯರೇ ನೋಡಬೇಕು.

ಪರೀಕ್ಷೆಯ ದಿನಗಳಲ್ಲಿ ಹತ್ತು ಗಂಟೆಗೆ ಹೊಟ್ಟೆ ತುಂಬ ಉಂಡು, ಪುಸ್ತಕ ಹಿಡಿದು ಮಲಗಿಯೇ ಓದುವ ವಿದ್ಯಾರ್ಥಿಗಳೇ, ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರವಿರಲಿ. ರಾತ್ರಿ ತೊಂದರೆಯಿದ್ದವರು ಮಂಚದ ತಲೆಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಡಬಹುದು. ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿ ಒತ್ತಡ ಹೆಚ್ಚುತ್ತದೆ, ಅಷ್ಟೇ. ನಾನು ಎಂಟಕ್ಕೇ ಉಣ್ಣತೊಡಗಿ, ವೈದ್ಯರು ಕೊಟ್ಟ ಔಷಧಿಯನ್ನೂ ತೆಗೆದುಕೊಂಡೆ. ದನಿ ಮರಳಲು ಎರಡು ತಿಂಗಳೇ ಹಿಡಿಯಿತು.