ಹಳೆಯ ರಷ್ಯನ್ ಲೆನ್ಸ್‌ನಲ್ಲಿ ವಿಕಿರಣ ಇದೆಯಾ? ಹೆದರಬೇಕಾದದ್ದು ಬೇರೆಯದಕ್ಕೆ

ಜಯನಗರ, ಬನಶಂಕರಿ ಕಡೆಯ ಹವ್ಯಾಸಿಗಳು ಮಿರರ್‌ಲೆಸ್ ಕ್ಯಾಮೆರಾಗೆ ಸೋವಿಯತ್ ಕಾಲದ ಲೆನ್ಸ್ ಹುಡುಕಲು ಹೊರಟರೆ ‘ಅದರಲ್ಲಿ ವಿಕಿರಣ ಇದೆ, ಮುಟ್ಟಬೇಡಿ’ ಎಂಬ ಎಚ್ಚರಿಕೆ ಸಿಗುವುದುಂಟು. ನಿಜವೇ?

ಬೆರಳು ತೋರಿಸುವುದು ಇಂಡಸ್ಟಾರ್-61 ಎಲ್/ಡಿ ಲೆನ್ಸ್ ಕಡೆಗೆ. ‘ಎಲ್’ ಅಂದರೆ ಲ್ಯಾಂಥನಮ್ ಬೆರೆಸಿದ ಗಾಜು. ಈ ಲೋಹದಲ್ಲಿ ವಿಕಿರಣಶೀಲ ಪರಮಾಣುಗಳು ಶೇ 0.1ಕ್ಕಿಂತ ಕಡಿಮೆ. ಗೊಂದಲ ಥೋರಿಯಂ ಗಾಜಿನದು. ಅದು ಪೆಂಟಾಕ್ಸ್‌ನ ಕೆಲವು ಹಳೆಯ ಟಾಕುಮಾರ್‌ಗಳಲ್ಲಿತ್ತು. ಅವುಗಳಿಂದಲೂ ಮಾಮೂಲಿ ಬಳಕೆಯಲ್ಲಿ ಅಪಾಯ ತೀರಾ ಕಡಿಮೆ. ಗಾಜನ್ನು ಉಜ್ಜಿ ಪುಡಿ ಮಾಡಬಾರದು, ಅಷ್ಟೆ.

ದುಡ್ಡು ಹೋಗುವುದು ಥ್ರೆಡ್‌ನಲ್ಲಿ. ಜೋರ್ಕಿ, ಫೆಡ್ ಕ್ಯಾಮೆರಾಗಳದ್ದು 39 ಮಿ.ಮೀ. ಥ್ರೆಡ್; ಹಳೆಯ ಜೆನಿಟ್‌ದೂ ಅದೇ ಅಳತೆ. ಆದರೆ ಲೆನ್ಸ್‌ನಿಂದ ಫಿಲ್ಮಿಗೆ ಇರುವ ದೂರ ಮೊದಲಿನವಲ್ಲಿ 28.8 ಮಿ.ಮೀ., ಜೆನಿಟ್‌ನಲ್ಲಿ 45.2. ತಿರುಗಿಸಿದರೆ ಕೂರುತ್ತದೆ, ಫೋಕಸ್ ಮಾತ್ರ ಸಿಗದು. ಜುಪಿಟರ್-8 ಕೊಂಡು ಡಿಎಸ್‌ಎಲ್‌ಆರ್‌ಗೆ ಹಾಕಿದರೂ ಅದೇ ಕಥೆ: ಒಳಗಿನ ಕನ್ನಡಿ ಜಾಗ ತಿನ್ನುವುದರಿಂದ ದೂರದ ಮರ ಸ್ಪಷ್ಟವಾಗುವುದೇ ಇಲ್ಲ. ಮಿರರ್‌ಲೆಸ್‌ಗೆ ಅಡಾಪ್ಟರ್ ಸಾಕು.

‘ಯುದ್ಧಕಾಲದ ಜರ್ಮನ್ ಲೈಕಾ’ ಎಂದು ಸ್ವಸ್ತಿಕ ಕೆತ್ತಿದ ಕ್ಯಾಮೆರಾ ಯಾರಾದರೂ ತೋರಿಸಿದರೆ ಅನುಮಾನಿಸಿ. ಅಂಥವು ಬಹುತೇಕ ಫೆಡ್ ಅಥವಾ ಜೋರ್ಕಿಯ ಮೈ ಬದಲಿಸಿದವು.

ಕೊಳ್ಳುವ ಮುಂಚೆ ಮೊಬೈಲ್ ಟಾರ್ಚನ್ನು ಲೆನ್ಸ್‌ನ ಹಿಂದಿನಿಂದ ಹಿಡಿದು ನೋಡಿ. ಜೇಡರಬಲೆಯಂಥ ಎಳೆಗಳಿದ್ದರೆ ಬೂಷ್ಟು. ಇಲ್ಲಿನ ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೆ ಅದು ಹಬ್ಬುತ್ತದೆ. ಮನೆಗೆ ತಂದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.